ಕೃಪೆ ಕೂಲಿಯಲ್ಲ: ಕ್ರೈಸ್ತ ನಂಬಿಕೆಯ ಮೊದಲ ಪಾಠ

ಹಿಂದೂಪುರದಲ್ಲೋ ಕಲ್ಯಾಣದುರ್ಗದಲ್ಲೋ ಇರುವ ನಿಮಗೆ ‘ದೇವರ ಕೃಪೆ’ ಎಂಬ ಮಾತು ಕ್ರೈಸ್ತ ನೆರೆಹೊರೆಯವರಿಂದ ತೆಲುಗಿನಲ್ಲೋ ಕನ್ನಡದಲ್ಲೋ ಕಿವಿಗೆ ಬಿದ್ದಿರಬಹುದು. ಆ ನಂಬಿಕೆಯ ತಿರುಳೆಲ್ಲ ಈ ಪುಟ್ಟ ಮಾತಿನಲ್ಲಿದೆ. ಸತ್ಯವೇದವನ್ನು, ಅಂದರೆ ಬೈಬಲನ್ನು, ನೀವು ಒಮ್ಮೆಯೂ ತೆರೆದಿಲ್ಲವೆಂದರೂ ಚಿಂತೆಯಿಲ್ಲ. ತಿಳಿಯುವ ಆಸೆಯೊಂದಿದ್ದರೆ ಸಾಕು. ಒಂದೊಂದೇ ಮೆಟ್ಟಿಲು ಹತ್ತೋಣ.

ಮೊದಲ ಮೆಟ್ಟಿಲು ‘ರಕ್ಷಣೆ’. ದೇವರು ಮನುಷ್ಯನನ್ನು ತಮ್ಮೊಡನೆ ಬಾಳಲೆಂದೇ ಸೃಷ್ಟಿಸಿದರು, ಪಾಪ ಆ ಸಂಬಂಧವನ್ನು ಕಡಿಯಿತು ಎಂಬುದು ಕ್ರೈಸ್ತರ ನಂಬಿಕೆ. ಪಾಪವೆಂದರೆ ಕಳವು, ಸುಳ್ಳು ಮಾತ್ರವಲ್ಲ. ದೇವರನ್ನು ಬಿಟ್ಟು ತನ್ನ ಇಚ್ಛೆಯನ್ನೇ ದೊಡ್ಡದು ಮಾಡಿಕೊಳ್ಳುವ ಒಲವು. ಕಡಿದದ್ದು ಮತ್ತೆ ಕೂಡುವುದೇ ರಕ್ಷಣೆ. ಕಡಿದವನು ಮನುಷ್ಯ, ಕೂಡಿಸಬಲ್ಲವರು ದೇವರು ಮಾತ್ರ. ಉಳಿದದ್ದೆಲ್ಲ ನಿಂತಿರುವುದು ಈ ಅಡಿಪಾಯದ ಮೇಲೆ.

ಎರಡನೆಯದು ‘ಕರುಣೆ’: ತಪ್ಪಿಗೆ ತಕ್ಕ ದಂಡನೆಯನ್ನು ವಿಧಿಸದೆ ಕ್ಷಮಿಸುವುದು. ಸತ್ಯವೇದದಲ್ಲಿ ಯೇಸುವಿನ ಬದುಕು, ಬೋಧನೆಗಳನ್ನು ಹೇಳುವ ಭಾಗಗಳಿಗೆ ಸುವಾರ್ತೆ ಎಂದು ಹೆಸರು. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಇಬ್ಬರು ಪ್ರಾರ್ಥನೆಗೆ ಬರುತ್ತಾರೆ. ಒಬ್ಬನು ಫರಿಸಾಯ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಥದವನು. ತನ್ನ ಉಪವಾಸ, ದಾನಗಳನ್ನು ಎಣಿಸಿ ಹೇಳುತ್ತಾನೆ. ಇನ್ನೊಬ್ಬನು ತೆರಿಗೆ ಎತ್ತುತ್ತ ಜನರ ತಿರಸ್ಕಾರಕ್ಕೆ ಗುರಿಯಾದ ಸುಂಕದವನು. ತಲೆಯೆತ್ತದೆ, ಎದೆ ಬಡಿದುಕೊಂಡು ಕರುಣೆ ಬೇಡುತ್ತಾನೆ. ದೇವರ ಎದುರಿನಲ್ಲಿ ನೀತಿವಂತನೆನಿಸಿ ಮನೆಗೆ ಹೋದವನು ಈ ಎರಡನೆಯವನು ಎನ್ನುತ್ತಾರೆ ಯೇಸು.

ಮೂರನೆಯದು ‘ಕೃಪೆ’. ಕರುಣೆ ದಂಡನೆಯನ್ನು ತೆಗೆಯುತ್ತದೆ. ಕೃಪೆ ಇನ್ನೂ ಮುಂದೆ ಹೋಗಿ, ಯೋಗ್ಯತೆ ಇಲ್ಲದವನಿಗೂ ಒಳಿತನ್ನು ಕೊಡುತ್ತದೆ. ಕಥೋಲಿಕರು ಇದನ್ನು ‘ವರಪ್ರಸಾದ’ ಎನ್ನುತ್ತಾರೆ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ನಿಧಾನವಾಗಿ ನೋಡಿ. ದ್ರಾಕ್ಷಿತೋಟದ ಯಜಮಾನನೊಬ್ಬ ಬೆಳಗಿನ ಜಾವ ಒಂದು ಬೆಳ್ಳಿ ನಾಣ್ಯಕ್ಕೆ ಆಳುಗಳನ್ನು ಗೊತ್ತುಮಾಡುತ್ತಾನೆ. ಒಂಬತ್ತು ಗಂಟೆಗೆ, ಮಧ್ಯಾಹ್ನಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗಿ ಇನ್ನಷ್ಟು ಜನರನ್ನು ಕರೆತರುತ್ತಾನೆ. ಬಟವಾಡೆಯ ಹೊತ್ತಿಗೆ ಎಲ್ಲರಿಗೂ ಅದೇ ಒಂದು ನಾಣ್ಯ. ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ.

ನಿಮಗೂ ಇದು ಅನ್ಯಾಯವೆನಿಸಿದರೆ ಸಹಜ. ಇಲ್ಲಿ ತುಸು ನಿಲ್ಲಿ. ಮಳೆ ನೆಚ್ಚಿ ಕಡಲೆಕಾಯಿ ಬೆಳೆಯುವ ಈ ಸೀಮೆಯಲ್ಲಿ, ಕರೆಯುವವರಿಲ್ಲದೆ ಸಂಜೆಯವರೆಗೆ ಕಾದು ಕೂತವನ ಪಾಡು ಹೊಸದಲ್ಲ. ದಿನದ ಕೂಲಿ ಸಿಗದಿದ್ದರೆ ಅವನ ಮನೆಯಲ್ಲಿ ಒಲೆ ಉರಿಯದು. ಬೆಳಿಗ್ಗೆ ಬಂದವರಿಗೆ ಆಡಿದ ಮಾತಿನಂತೆಯೇ ಕೂಲಿ ಸಂದಿದೆ. ಅವರ ಪಾಲಿನಿಂದ ಏನೂ ಕಿತ್ತುಕೊಂಡಿಲ್ಲ. ಕೊನೆಗೆ ಬಂದವನಿಗೆ ಸಿಕ್ಕಿದ್ದು ಕೆಲಸಕ್ಕೆ ತಕ್ಕ ಕೂಲಿಯಲ್ಲ, ಯಜಮಾನನ ಔದಾರ್ಯ. ಕೃಪೆ ನ್ಯಾಯವನ್ನು ಮುರಿಯುವುದಿಲ್ಲ, ಅದನ್ನು ಮೀರುತ್ತದೆ.

ಹಾಗಾದರೆ ಕೃಪೆಗೆ ಬೆಲೆಯೇ ಇಲ್ಲವೇ? ಪಡೆಯುವವನಿಗೆ ಇಲ್ಲ, ಕೊಟ್ಟವರು ತೆತ್ತಿದ್ದಾರೆ. ಯೇಸುವಿನ ಶಿಲುಬೆಯ ಮರಣವೇ ಆ ಬೆಲೆ ಎನ್ನುತ್ತಾರೆ ಕ್ರೈಸ್ತರು. ಸತ್ಕಾರ್ಯಗಳು ಬೇಡವೇ? ಸತ್ಯವೇದದಲ್ಲಿರುವ, ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ಕ್ರಮವನ್ನು ಸ್ಪಷ್ಟವಾಗಿ ಇಡುತ್ತದೆ: ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ಸತ್ಕಾರ್ಯ ಅದರ ನಂತರ ಬರುತ್ತದೆ. ಇದೇ ವಿಷಯ ಯೂರೋಪಿನಲ್ಲಿ ಸಭೆಯನ್ನು, ಅಂದರೆ ಚರ್ಚನ್ನು, ಒಡೆಯಿತು; 1517ರಲ್ಲಿ ಜರ್ಮನಿಯ ಕ್ರೈಸ್ತ ಸನ್ಯಾಸಿ ಮಾರ್ಟಿನ್ ಲೂಥರ್ ಎತ್ತಿದ ವಿವಾದದ ಒಡಲಲ್ಲಿ ಇದ್ದದ್ದು ಇದೇ ಪ್ರಶ್ನೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಮತ್ತು ಕಥೋಲಿಕ ಪ್ರತಿನಿಧಿಗಳು ಜಂಟಿ ಘೋಷಣೆಗೆ ಸಹಿ ಹಾಕಿ, ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಪುಣ್ಯಬಲದಿಂದಲ್ಲ, ಕೃಪೆಯಿಂದಲೇ ಎಂದು ಒಟ್ಟಾಗಿ ಒಪ್ಪಿಕೊಂಡರು.

ಇದನ್ನೆಲ್ಲ ನೀವು ಕನ್ನಡದಲ್ಲೇ ಓದಬಹುದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ತೊಡಗಿದರು. 1830ರ ದಶಕದ ಆರಂಭಕ್ಕೆ ಇಡೀ ಸತ್ಯವೇದ ಕನ್ನಡದಲ್ಲಿ ದೊರೆಯುವಂತಾಯಿತು. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೆ ನಿಮ್ಮ ಸೀಮೆಯೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಹಾಗಾಗಿ ಆ ಅನುವಾದ ನಡೆದದ್ದು ಆಗಿನ ನಿಮ್ಮದೇ ಜಿಲ್ಲೆಯಲ್ಲಿ.

ಓದಲು ತೊಡಗುವಾಗ ಮೇಲಿನ ಎರಡು ಕಥೆಗಳನ್ನು ಮುಗಿಸಿ ಲೂಕ 15ಕ್ಕೆ ಬನ್ನಿ. ಅಲ್ಲಿ ತನ್ನ ಪಾಲಿನ ಆಸ್ತಿಯನ್ನೆಲ್ಲ ಹಾಳುಮಾಡಿ ಮರಳಿದ ಕಿರಿಯ ಮಗನನ್ನು ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ಇಷ್ಟು ವರ್ಷ ದುಡಿದ ಹಿರಿಯ ಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ; ತಂದೆ ಅವನನ್ನೂ ಹೊರಗೆ ಬಂದು ಕರೆಯುತ್ತಾನೆ. ಈ ಹಿರಿಯ ಮಗನಿಗೂ ದ್ರಾಕ್ಷಿತೋಟದಲ್ಲಿ ಗೊಣಗಿದ ಆಳುಗಳಿಗೂ ಏನು ಹೋಲಿಕೆ ಎಂದು ಕೇಳಿಕೊಳ್ಳಿ. ತಂದೆಯ ಪ್ರೀತಿಯನ್ನೂ ಅವನು ಕೂಲಿಯಂತೆ ಲೆಕ್ಕ ಹಾಕಿದ್ದ ಎಂಬುದು ನಿಮಗೇ ಹೊಳೆದರೆ, ಮೊದಲ ಪಾಠ ನಿಮ್ಮದಾಯಿತು.