ಬೂಟಿಗೆ ಎರಡು ಕೆಲಸ: ಕಾಲು ಕಾಯೋದು, ಮಣ್ಣು ಕಾಯೋದು

ಡ್ರಿಪ್ಪು, ಸ್ಪ್ರೇಯರು, ಪವರ್ ವೀಡರು ಅಂತ ಸಾವಿರಾರು ರೂಪಾಯಿ ಹಾಕೋ ನಾವು, ಕಾಲಿಗೆ ಮಾತ್ರ ಸವೆದ ಹವಾಯಿ ಚಪ್ಪಲಿ ಸಾಕು ಅಂತೀವಿ. ತೆರಕಣಾಂಬಿ ಸುತ್ತಮುತ್ತ ಅರಿಶಿನ, ಬಾಳೆ, ಟೊಮೆಟೊ ತೋಟಗಳಲ್ಲಿ ಹೆಚ್ಚಾಗಿ ಕಾಣೋದು ಚಪ್ಪಲಿ, ಇಲ್ಲಾಂದ್ರೆ ಬರಿಗಾಲು. ಬೂಟು ಹೊಲದ ಅಪಾಯದಿಂದ ಕಾಲನ್ನು ಕಾಯ್ತದೆ ಅನ್ನೋದು ಎಲ್ರಿಗೂ ಗೊತ್ತು. ನಮ್ಮ ಕಾಲಿನಿಂದ ಹೊಲಕ್ಕೆ ಬರೋ ಅಪಾಯವನ್ನೂ ಅದು ತಡೀತದೆ. ಈ ವಾರ ಎರಡನ್ನೂ ನೋಡೋಣ.

ಕಾಲಿಗೆ ಏನು ಅಪಾಯ?

ಮೊದಲನೇದು ಹಾವು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಅಂದಾಜು 12 ಲಕ್ಷ. ಅಂದ್ರೆ ವರ್ಷಕ್ಕೆ ಸರಾಸರಿ 58 ಸಾವಿರ, ಹೆಚ್ಚಿನವರು ಹಳ್ಳಿಯವರೇ. ಕಡಿತ ಬೀಳೋದು ಬಹುಪಾಲು ಮೊಣಕಾಲಿನ ಕೆಳಗೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿದೆ. ರಾತ್ರಿ ಕರೆಂಟ್ ಬಂದಾಗ ಮೋಟರ್ ಹಾಕೋಕೆ ಹೋಗೋರಿಗೆ ಗಂಬೂಟು, ಟಾರ್ಚು ಎರಡೂ ಬೇಕು. ಕಡಿದ್ರೆ ಕೊಯ್ಯೋದು, ಬಿಗಿಯಾಗಿ ಕಟ್ಟೋದು ಬೇಡ. ಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ.

ಎರಡನೇದು ಕೊಕ್ಕೆಹುಳು. ಬಯಲು ಶೌಚ ಇರೋ ಕಡೆ ಒದ್ದೆ ಮಣ್ಣಿನಲ್ಲಿರೋ ಮರಿಹುಳು ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗಿ, ಕರುಳಲ್ಲಿ ಕೂತು ರಕ್ತ ಹೀರ್ತದೆ. ಕಳೆ ಕೀಳೋ ಹೆಣ್ಮಕ್ಕಳ ರಕ್ತಹೀನತೆಗೆ ಇದೂ ಒಂದು ಕಾರಣ ಆಗಬಹುದು.

ಮೂರನೇದು ಧನುರ್ವಾಯು. ಮಣ್ಣಲ್ಲಿ, ಸಗಣಿಯಲ್ಲಿ ಇದರ ರೋಗಾಣು ಇರ್ತದೆ. ಸಣ್ಣ ಮುಳ್ಳು ಚುಚ್ಚಿದ ಗಾಯ ಸಾಕು. ಬೂಟು ಹಾಕಿದ್ರೂ 10 ವರ್ಷಕ್ಕೊಮ್ಮೆ ಲಸಿಕೆ ಬಿಡಬೇಡಿ.

ಮಣ್ಣಿಗೆ ಏನು ಅಪಾಯ?

ಪಕ್ಕದ ನಂಜನಗೂಡಿನ ರಸಬಾಳೆ ನೆನಪು ಮಾಡ್ಕೊಳ್ಳಿ. ಜಿಐ ಮಾನ್ಯತೆ ಇರೋ ಆ ಹಣ್ಣು ಇವತ್ತು ಹುಡುಕಿದ್ರೂ ಸಿಗೋದು ಕಷ್ಟ. ದೊಡ್ಡ ಕಾರಣ ಪನಾಮಾ ಸೊರಗು ರೋಗ. ಇದನ್ನು ತರೋದು ಫ್ಯುಸೇರಿಯಂ ಅನ್ನೋ ಶಿಲೀಂಧ್ರ. ಒಮ್ಮೆ ಮಣ್ಣಿಗೆ ಸೇರಿದ್ರೆ ಬಾಳೆ ಇಲ್ಲದಿದ್ರೂ ದಶಕಗಳ ಕಾಲ ಬದುಕಿರ್ತದೆ. ನಾವು ಬೆಳೆಯೋ ಏಲಕ್ಕಿ ಬಾಳೆಗೂ ಇದು ತಗಲ್ತದೆ. ಜಿ-9ಗೂ ಬರೋ ಟಿಆರ್-4 ತಳಿ ಈಗಾಗಲೇ ಬಿಹಾರ, ಉತ್ತರ ಪ್ರದೇಶದಲ್ಲಿದೆ.

ಇದು ಹರಡೋದು ರೋಗದ ಕಂದು, ನೀರು, ಟ್ರ್ಯಾಕ್ಟರ್ ಚಕ್ರ, ಮತ್ತೆ ನಮ್ಮ ಕಾಲಿಗೆ ಅಂಟಿದ ಕೆಸರಿನಿಂದ. ಗೊನೆ ಕಡಿಯೋ ತಂಡ ಬೆಳಗ್ಗೆ ಒಂದು ತೋಟ, ಮಧ್ಯಾಹ್ನ ಇನ್ನೊಂದು ತೋಟ ಅಂತ ಓಡಾಡ್ತಾರೆ. ಅವರ ಜೊತೆ ಮಣ್ಣೂ ಓಡಾಡ್ತದೆ. ಅರಿಶಿನದ ಗೆಡ್ಡೆ ಕೊಳೆ ರೋಗಾಣು, ಟೊಮೆಟೊ ಬೇರಿನ ಜಂತುಹುಳು ಕೂಡ ಕೆಸರಿನ ಜೊತೆ ಹೀಗೇ ಬರಬಹುದು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2015ರಲ್ಲಿ ಟಿಆರ್-4 ಕಂಡಾಗ ಅಲ್ಲಿನ ಬೆಳೆಗಾರರು ಗೇಟಿನಲ್ಲೇ ಬೂಟು ಬದಲಾಯಿಸೋ ಪದ್ಧತಿ ತಂದರು. ಇದಕ್ಕೆ ದೊಡ್ಡ ತಂತ್ರಜ್ಞಾನ ಏನೂ ಬೇಡ, ನಾವೂ ಮಾಡಬಹುದು.

ಹೀಗೆ ಮಾಡಿ

1. ತೋಟಕ್ಕೇ ಅಂತ ಒಂದು ಜೊತೆ ಗಂಬೂಟು ಇಡಿ. ಅದು ಗೇಟು ದಾಟಿ ಹೊರಗೆ ಹೋಗಬಾರದು.

2. ವ್ಯಾಪಾರಿ, ಕೂಲಿ ತಂಡಕ್ಕೆ ಎರಡು ಮೂರು ಜೊತೆ ಶೆಡ್ಡಿನಲ್ಲಿರಲಿ.

3. ಬೂಟಿನ ಮಣ್ಣನ್ನು ಮೊದಲು ಬ್ರಷ್‌ನಿಂದ ಉಜ್ಜಿ, ಆಮೇಲೆ ಸೋಪಿನ ನೀರು. ಮಣ್ಣು ಅಂಟಿದ್ರೆ ಯಾವ ಔಷಧಿ ನೀರೂ ಸರಿಯಾಗಿ ಕೆಲಸ ಮಾಡಲ್ಲ. ತೊಳೆದ ನೀರು ತೋಟಕ್ಕೆ, ಕಾಲುವೆಗೆ ಹರಿಯದಿರಲಿ.

4. ಹತ್ತಿ ಸಾಕ್ಸ್ ಹಾಕಿ. ಬೂಟನ್ನು ತಲೆಕೆಳಗು ಮಾಡಿ ಒಣಗಿಸಿ. ಹಾಕೋ ಮೊದಲು ಕೊಡವಿ, ಚೇಳು ಇರಬಹುದು.

5. ಹಳೇ ಪಿವಿಸಿ ಬೂಟನ್ನು ಸುಡಬೇಡಿ, ಹೊಗೆ ವಿಷ. ಬದುವಿನ ಮೇಲೂ ಎಸೀಬೇಡಿ, ಪ್ಲಾಸ್ಟಿಕ್ ಕಸದ ಜೊತೆ ಕೊಡಿ.

"ಭೂಮ್ತಾಯಿ ಮೇಲೆ ಮೆಟ್ಟು ಹಾಕ್ಕೊಂಡು ಹೋಗ್ಬಾರ್ದು" ಅಂತ ಮನೆಯ ಹಿರಿಯರು ಅಂದ್ರೆ ವಾದ ಬೇಡ. ಪೂಜೆಗೆ ಬರಿಗಾಲಲ್ಲೇ ನಿಲ್ಲಿ. ಊರು ಸುತ್ತಿದ ಚಪ್ಪಲಿಯನ್ನು ಅವರು ಬದುವಿನಲ್ಲೇ ಬಿಡ್ತಿದ್ರಲ್ಲ, ಆ ಅಭ್ಯಾಸ ಮುಂದುವರಿಸಿ. ಅಲ್ಲಿಂದ ಒಳಗೆ ತೊಳೆದ ಬೂಟು ಹಾಕಿ, ಅಷ್ಟೇ ವ್ಯತ್ಯಾಸ.

ಮುಂದಿನ ಗೊನೆ ಕಟಾವಿಗೆ ಮೊದಲು ಗೇಟಿನ ಹತ್ರ ಒಂದು ಬ್ರಷ್ಷು, ಒಂದು ಬಕೆಟ್ ನೀರು ಇಡಿ. ಅಲ್ಲಿಂದ ಶುರು ಮಾಡಿದ್ರೆ ಸಾಕು.