ಈಜುಕೊಳದ ಮರಳು ಕಾಯುವವನಿಗೆ

ತಮ್ಮಾ, ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಈಜುಕೊಳ ನೋಡಿಕೊಳ್ಳುವ ಕೆಲಸ ಸಿಕ್ಕಿತೆಂದು ನಿಮ್ಮಪ್ಪ ಹೇಳಿದ. ಗೋವಿನಕೋವಿಯಿಂದ ಹೋದ ಹುಡುಗನಿಗೆ ಮರಳು ಹೊಸದಲ್ಲ. ಬೇಸಿಗೆಯಲ್ಲಿ ತುಂಗಭದ್ರೆ ಬಡವಾದಾಗ ಮರಳಲ್ಲಿ ಒರತೆ ತೋಡಿ, ಮೊದಲು ಬಂದ ಕದಡು ನೀರನ್ನು ಚೆಲ್ಲಿ, ತಿಳಿಯಾದದ್ದನ್ನು ಕೊಡಕ್ಕೆ ತುಂಬಿಕೊಂಡವರು ನಾವು. ನಿನ್ನ ವಶಕ್ಕೆ ಬಂದಿರುವ ಫಿಲ್ಟರ್ ಡ್ರಮ್ಮಿನಲ್ಲಿ ನಡೆಯುವುದೂ ಅದೇ ಕೆಲಸ. ಹೊಳೆಯ ಮರಳನ್ನು ಪ್ರತಿ ಮಳೆಗಾಲದ ನೆರೆ ತೊಳೆಯುತ್ತಿತ್ತು. ಡ್ರಮ್ಮಿನ ಮರಳಿಗೆ ಆ ನೆರೆ ನೀನೇ. ನೀರು ಸರಬರಾಜಿನ ಕೆಲಸದಲ್ಲೇ ತಲೆ ನರೆತವನು ನಾನು. ನಾಲ್ಕು ಮಾತು ಹೇಳುತ್ತೇನೆ, ಕಿವಿಗೆ ಹಾಕಿಕೋ.

ಮೊದಲು ಒಳಗಿನ ವಿಷಯ. ಕೊಳದ ನೀರು ಡ್ರಮ್ಮಿನ ಮೇಲಿನಿಂದ ಬಿದ್ದು, ಮರಳಿನ ಮೂಲಕ ಇಳಿದು, ತಳದಲ್ಲಿ ಬೆರಳು ಚಾಚಿದ ಹಾಗಿರುವ ಸೀಳುಕೊಳವೆಗಳಿಂದ ಹೊರಬರುತ್ತದೆ. ಆ ಕೊಳವೆಗಳಿಗೆ ಲ್ಯಾಟರಲ್ ಅನ್ನುತ್ತಾರೆ. ಕೊಳೆ ಮರಳ ಕಾಳುಗಳ ಸಂದಿಯಲ್ಲಿ ನಿಲ್ಲುತ್ತದೆ. ಸಂದಿ ತುಂಬಿದಷ್ಟೂ ನೀರಿಗೆ ದಾರಿ ಇಕ್ಕಟ್ಟಾಗಿ ಒತ್ತಡದ ಗೇಜಿನ ಮುಳ್ಳು ಏರುತ್ತದೆ. ಚೆನ್ನಾಗಿ ತೊಳೆದ ದಿನ ಗೇಜು ಎಷ್ಟು ತೋರಿಸಿತು ಎಂಬುದನ್ನು ಗೋಡೆಯ ಮೇಲೆ ಬರೆದಿಡು. ಅದು 12 ಪಿಎಸ್‌ಐ ಇದ್ದರೆ, 20ರಿಂದ 22 ಮುಟ್ಟಿದಾಗ, ಅಂದರೆ 8ರಿಂದ 10 ಏರಿದ ಮೇಲೆ, ಬ್ಯಾಕ್‌ವಾಶ್ ಮಾಡು. ನೀರನ್ನು ಹಿಮ್ಮುಖ ಓಡಿಸಿ ಮರಳು ತೊಳೆಯುವುದೇ ಬ್ಯಾಕ್‌ವಾಶ್. ಆ ಮೊದಲ ಅಂಕಿ ಗೊತ್ತಿಲ್ಲದವನು ಮುಳ್ಳನ್ನು ಎಷ್ಟು ಹೊತ್ತು ನೋಡಿದರೂ ಪ್ರಯೋಜನವಿಲ್ಲ.

ಹುಮ್ಮಸ್ಸಿನ ಹುಡುಗರು ದಿನಾ ಬ್ಯಾಕ್‌ವಾಶ್ ಮಾಡಿ ಶುದ್ಧ ಮಾಡಿದೆ ಅಂದುಕೊಳ್ಳುತ್ತಾರೆ. ಅದು ತಪ್ಪು ಲೆಕ್ಕ. ಸ್ವಲ್ಪ ಕೊಳೆ ಹಿಡಿದ ಮರಳೇ ಇನ್ನೂ ಸಣ್ಣ ಕೊಳೆಯನ್ನು ತಡೆಯುತ್ತದೆ. ಈಗಷ್ಟೇ ತೊಳೆದ ಮರಳಲ್ಲಿ ಅದು ಜಾರಿ ಹೋಗುತ್ತದೆ. ನೀರಿನ ನಷ್ಟ ಬೇರೆ. ಪಂಪು ಗಂಟೆಗೆ 12 ಸಾವಿರ ಲೀಟರ್ ತಳ್ಳುವುದಾದರೆ ಮೂರು ನಿಮಿಷದ ಬ್ಯಾಕ್‌ವಾಶ್‌ಗೆ 600 ಲೀಟರ್ ಚರಂಡಿ ಪಾಲು, ಹದಿನೈದು ಲೀಟರಿನ ನಲವತ್ತು ಕೊಡ. ಬರ ಕಂಡ ಜಗಳೂರು ಕಡೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. 2024ರ ಮಾರ್ಚಿನಲ್ಲಿ ನೀರಿಗೆ ತತ್ವಾರ ಬಂದಾಗ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ ದಂಡ ಎಂದು ಸಾರಿತ್ತು, ನೆನಪಿರಲಿ.

ಬ್ಯಾಕ್‌ವಾಶ್‌ಗೆ ಒಂದು ಕ್ರಮವಿದೆ. ಪಂಪು ಪೂರ್ತಿ ನಿಲ್ಲಿಸು, ಆಮೇಲೆ ವಾಲ್ವಿನ ಹಿಡಿ ತಿರುಗಿಸು. ಪಂಪು ಓಡುವಾಗ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಕಿತ್ತುಬರುತ್ತದೆ. ನೀರು ಯಾರಿಗೂ ಕಾಣದಂತೆ ಅಡ್ಡದಾರಿ ಹಿಡಿಯುತ್ತದೆ. ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ ಹಿಮ್ಮುಖ ಓಡಿಸು, ಪಂಪು ನಿಲ್ಲಿಸಿ ರಿನ್ಸ್‌ಗೆ ತಿರುಗಿಸಿ ಅರ್ಧ ನಿಮಿಷ ಬಿಡು, ಮತ್ತೆ ನಿಲ್ಲಿಸಿ ಫಿಲ್ಟರಿಗೆ ತಾ. ರಿನ್ಸ್ ಮಾಡದಿದ್ದರೆ ಎದ್ದ ಕೊಳೆಯೆಲ್ಲ ವಾಪಸ್ಸು ಕೊಳಕ್ಕೇ ಹೋಗುತ್ತದೆ.

ಮರಳು ಬದಲಿಸುವುದು ಯಾವಾಗ? ಐದರಿಂದ ಏಳು ವರ್ಷ ಎಂಬುದು ವಾಡಿಕೆಯ ಮಾತು. ಕ್ಯಾಲೆಂಡರನ್ನೇ ನಂಬಬೇಡ, ವರ್ಷಕ್ಕೊಮ್ಮೆ ಡ್ರಮ್ಮು ತೆರೆದು ಕೈ ಹಾಕಿ ನೋಡು. ಮೈಗೆ ಹಚ್ಚಿಕೊಂಡ ಎಣ್ಣೆ, ಸನ್‌ಸ್ಕ್ರೀನ್, ಗಡಸು ಬೋರ್‌ವೆಲ್ ನೀರಿನ ಸುಣ್ಣ ಸೇರಿ ಮರಳನ್ನು ಉಂಡೆ ಕಟ್ಟಿಸುತ್ತವೆ. ಉಂಡೆಯ ಪಕ್ಕದಲ್ಲಿ ನೀರು ತನಗೆ ಬೇಕಾದ ಬಿಲ ಕೊರೆದುಕೊಂಡು ಸೋಸದೆಯೇ ಇಳಿಯುತ್ತದೆ. ಆಗ ಗೇಜು ಒಳ್ಳೆಯದನ್ನೇ ತೋರಿಸುತ್ತದೆ, ಕೊಳ ಮಾತ್ರ ಮಬ್ಬು. ಮೇಲಿನ ಪದರ ಮಾತ್ರ ಜಿಡ್ಡಾಗಿದ್ದರೆ ಅಷ್ಟನ್ನೇ ತೆಗೆದು ಹೊಸದು ಹಾಕು. ಆಳದವರೆಗೂ ಗಟ್ಟಿಯಾಗಿದ್ದರೆ ಪೂರ್ತಿ ಬದಲಿಸು. ಕೊಳದ ತಳದಲ್ಲೇ ಮರಳು ಕಂಡರೆ ತಪ್ಪು ಮರಳಿನದಲ್ಲ, ಲ್ಯಾಟರಲ್ ಒಡೆದಿರಬಹುದು. ಅದನ್ನು ರಿಪೇರಿ ಮಾಡದೆ ಹೊಸ ಮರಳು ಸುರಿದರೆ ದುಡ್ಡು ದಂಡ.

ಊರಿಂದ ಒಂದು ಟ್ರಾಕ್ಟರ್ ಹೊಳೆ ಮರಳು ತರಿಸಿದರಾಯಿತು ಎಂದು ಯಾರಾದರೂ ಹೇಳಿಯಾರು. ಒಪ್ಪಬೇಡ. ಮನೆ ಕಟ್ಟಲು ಒದಗುವ ಮರಳಲ್ಲಿ ದಪ್ಪ ಸಣ್ಣ ಎಲ್ಲ ಬೆರೆತಿರುತ್ತದೆ, ಮಣ್ಣೂ ಇರುತ್ತದೆ. ಎಂ-ಸ್ಯಾಂಡಿನಲ್ಲಿ ಕಲ್ಲಿನ ಪುಡಿ. ಫಿಲ್ಟರಿಗೆ ಬೇಕಿರುವುದು ಜರಡಿ ಹಿಡಿದು ತೊಳೆದ ಸಿಲಿಕಾ ಮರಳು. ಕಾಳು ಅರ್ಧ ಮಿಲಿಮೀಟರಿನ ಆಸುಪಾಸು, ಒಂದೇ ಸಮ. ನಿನ್ನ ಫಿಲ್ಟರಿನ ಕೈಪಿಡಿ ಹೇಳುವ ಅಳತೆಯೇ ಕೊನೆಯ ಮಾತು. ಮೂಟೆ ಬಿಚ್ಚಿದ ಕೂಡಲೇ ಬಾಟಲಿಯಲ್ಲಿ ಒಂದು ಹಿಡಿ ಹಾಕಿ, ನೀರು ತುಂಬಿ ಕುಲುಕಿ ಇಡು. ಮೇಲೆ ಕೆಸರಿನ ಪದರ ಕೂತರೆ ಮೂಟೆ ವಾಪಸ್ಸು ಕಳಿಸು.

ಬದಲಿಸುವ ದಿನ ಮೇನ್ ಸ್ವಿಚ್ ತೆಗೆ, ಒತ್ತಡ ಸೊನ್ನೆಗಿಳಿಯದೆ ಮುಚ್ಚಳದ ಕ್ಲ್ಯಾಂಪ್ ಮುಟ್ಟಬೇಡ. ಒತ್ತಡದಲ್ಲಿ ಚಿಮ್ಮಿದ ಮುಚ್ಚಳಕ್ಕೆ ಜೀವ ತೆಗೆಯುವ ಬಲವಿದೆ. ಹಳೆಯದನ್ನು ಖಾಲಿ ಮಾಡಿ ಲ್ಯಾಟರಲ್ ಒಂದೊಂದನ್ನೂ ಕೈಯಲ್ಲಿ ಸವರಿ ನೋಡು. ನಡುವಿನ ಕೊಳವೆಯ ಬಾಯಿಗೆ ಟೇಪ್ ಸುತ್ತು, ಡ್ರಮ್ಮಿಗೆ ಅರ್ಧ ನೀರು ತುಂಬು, ಆಮೇಲೆ ಮೆಲ್ಲಗೆ ಸುರಿ. ನೀರಿಲ್ಲದೆ ಸುರಿದರೆ ಮರಳಿನ ಭಾರಕ್ಕೇ ಲ್ಯಾಟರಲ್ ಮುರಿಯುತ್ತದೆ; 24 ಅಂಗುಲದ ಡ್ರಮ್ಮಿಗೇ ಸುಮಾರು 150 ಕಿಲೋ ಹಿಡಿಯುತ್ತದೆ. ಮೇಲೆ ಜಾಗ ಬಿಡು, ಬ್ಯಾಕ್‌ವಾಶ್‌ನಲ್ಲಿ ಮರಳು ಉಬ್ಬುತ್ತದೆ. ಟೇಪ್ ತೆಗೆಯಲು ಮರೆಯಬೇಡ. ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಏಳುವುದಿಲ್ಲ. ಮೊದಲ ಓಟ ಬ್ಯಾಕ್‌ವಾಶ್‌ನಲ್ಲೇ ಆಗಲಿ.

ಇಷ್ಟೆಲ್ಲ ಯಾಕೆ ಅಂದೀಯ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಾಲರಾ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ನುಂಗಿತು. ಪಕ್ಕದ ಆಲ್ಟೋನಾ ಅದೇ ಎಲ್ಬೆ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಕೊಳಚೆ ಸೇರಿದ ಮೇಲಿನ ನೀರನ್ನು ಕುಡಿದೂ ಬಹುಪಾಲು ಬಚಾವಾಯಿತು. ಆ ಊರು ನೀರನ್ನು ಮರಳಲ್ಲಿ ಸೋಸುತ್ತಿತ್ತು. ಮುಂದಿನ ಚಳಿಗಾಲದಲ್ಲಿ ಮರಳಿನ ಹಾಸು ಹೆಪ್ಪುಗಟ್ಟಿ ಕೆಟ್ಟಾಗ ಆಲ್ಟೋನಾಕ್ಕೂ ಕಾಲರಾ ಬಂತು. ಅಲ್ಲಿ ನೀರು ಮರಳಲ್ಲಿ ನಿಧಾನಕ್ಕೆ ಇಳಿಯುತ್ತಿತ್ತು, ನಿನ್ನ ಡ್ರಮ್ಮಿನಲ್ಲಿ ಓಡುತ್ತದೆ. ಆದ್ದರಿಂದ ರೋಗಾಣು ಕೊಲ್ಲಲು ಕ್ಲೋರಿನ್ ಬೇಕೇ ಬೇಕು. ನೀರು ಮಬ್ಬಾಗಿದ್ದರೆ ಆ ಕ್ಲೋರಿನ್ನಿನ ಬಲವೂ ಕೊಳೆಗೇ ಸವೆಯುತ್ತದೆ.

ಕೊನೆಯದಾಗಿ, ಒಂದು ಪುಸ್ತಕ ಇಡು. ದಿನದ ಒತ್ತಡ, ಕ್ಲೋರಿನ್, ಬ್ಯಾಕ್‌ವಾಶ್ ಮಾಡಿದ ಹೊತ್ತು, ಡ್ರಮ್ಮು ತೆರೆದ ತಾರೀಖು ಬರೆ. ನೋಡದ ಅಂಕಿಯನ್ನು ಎಂದೂ ತುಂಬಬೇಡ. ದಂಡೆಯಲ್ಲಿ ನಿಂತು ನೋಡಿದರೆ ಕೊಳದ ತಳದ ಜಾಲರಿ ಸ್ಪಷ್ಟವಾಗಿ ಕಾಣದ ದಿನ ಗೇಟಿಗೆ ಬೀಗ ಹಾಕು. ಆ ನೀರಲ್ಲಿ ಮಗು ಮುಳುಗಿದರೂ ಯಾರಿಗೂ ಕಾಣುವುದಿಲ್ಲ. ಭಾನುವಾರ ಕೊಳ ಮುಚ್ಚಿದ್ದಕ್ಕೆ ಅಪಾರ್ಟ್‌ಮೆಂಟ್ ಸಂಘದವರು ರೇಗಿಯಾರು. ವಾದಕ್ಕಿಳಿಯಬೇಡ, ಪುಸ್ತಕ ತೆರೆದು ತೋರಿಸು. ಸಂಬಳ ಕೊಡುವವರು ಅವರೇ ಇರಬಹುದು, ಆದರೆ ನಿನ್ನನ್ನು ನಂಬಿ ನೀರಿಗೆ ಧುಮುಕುವವರು ಅವರ ಮಕ್ಕಳು.