ಜವಾರಿ ಟೊಮ್ಯಾಟೊ: ಹಸಿರುಮನೆಯಲ್ಲಿ ಮಣ್ಣಿಲ್ಲದ ಬೇಸಾಯ

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು ಜವಳಾದ ಹೊಲಗಳಿಗೆ ಕೊರತೆಯಿಲ್ಲ. ಇಂಥ ನೆಲದಲ್ಲಿ ಟೊಮ್ಯಾಟೊ ಏಳುವುದಿಲ್ಲ. ಒಳ್ಳೆಯ ನೆಲದಲ್ಲೂ ಸೊರಗು ರೋಗ, ಬೇರುಗಂಟು ಜಂತುಹುಳುಗಳ ಕಾಟ ತಪ್ಪಿದ್ದಲ್ಲ. ಹುಳಿ, ರಸ, ವಾಸನೆಗಳಿಗೆ ಹೆಸರಾದ ಜವಾರಿ ಟೊಮ್ಯಾಟೊವನ್ನು ಮಣ್ಣಿಲ್ಲದೆ ಬೆಳೆಯಬಹುದೇ? ಬೆಳೆಯಬಹುದು. ಆದರೆ ಸಾಲ ಮಾಡಿ ಹಸಿರುಮನೆ ಕಟ್ಟುವ ಮೊದಲು ಕೆಲವು ಸಂಗತಿಗಳನ್ನು ತಿಳಿದಿರಬೇಕು.

ಇದು ಹೊಸ ವಿದ್ಯೆಯೇನಲ್ಲ. 1930ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಗೆರಿಕೆ ಎಂಬ ವಿಜ್ಞಾನಿ ಪೋಷಕಾಂಶ ಬೆರೆಸಿದ ನೀರಿನಲ್ಲಿಯೇ ಟೊಮ್ಯಾಟೊ ಬೆಳೆದು ತೋರಿಸಿದರು.

ಯಾವ ಪದ್ಧತಿ?
ಬೇರುಗಳು ನೀರಿನಲ್ಲೇ ಇರುವ ಪದ್ಧತಿ ನಮಗೆ ಬೇಡ. ಬೇಸಿಗೆಯಲ್ಲಿ ಕರೆಂಟು ಹೋಗಿ ಮೋಟಾರು ನಿಂತರೆ ಕೆಲವೇ ತಾಸುಗಳಲ್ಲಿ ಗಿಡ ಬಾಡುತ್ತದೆ. ತೆಂಗಿನ ನಾರಿನ ಪುಡಿ ತುಂಬಿದ 10–12 ಲೀಟರಿನ ಚೀಲದಲ್ಲಿ ಒಂದೊಂದು ಗಿಡ ನೆಟ್ಟು ಹನಿ ನೀರು ಕೊಡುವುದು ಲೇಸು. ತೊಟ್ಟಿಯನ್ನು ಎತ್ತರದ ಕಟ್ಟೆಯ ಮೇಲಿಟ್ಟರೆ ಕರೆಂಟಿಲ್ಲದಾಗಲೂ ನೀರು ಇಳಿಯುತ್ತದೆ. ನಾರಿನ ಪುಡಿಯಲ್ಲಿ ಉಪ್ಪಿರುವುದರಿಂದ ಚೆನ್ನಾಗಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ದಿನ ನೆನೆಸಿ, ಮತ್ತೊಮ್ಮೆ ತೊಳೆದು ಬಳಸಿರಿ.

ಕಾಲ
ಹಗಲು 35, ರಾತ್ರಿ 24 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೂ ಉದುರಿ ಕಾಯಿ ಕಚ್ಚುವುದಿಲ್ಲ. ಹೊಸಪೇಟೆ, ಕಂಪ್ಲಿಗಳ ಬೇಸಿಗೆಯಲ್ಲಿ ಹಸಿರುಮನೆಯೊಳಗೆ ಸೆಕೆ ಇನ್ನೂ ಹೆಚ್ಚು. ಆದ್ದರಿಂದ ಆಗಸ್ಟ್ ಮೊದಲಲ್ಲಿ ಬೀಜ ಹಾಕಿ, 25–30 ದಿನದ ಸಸಿ ನೆಟ್ಟರೆ ನವೆಂಬರ್ ಮಧ್ಯದಿಂದ ಫೆಬ್ರವರಿವರೆಗೆ ಕೊಯ್ಲು ಸಿಗುತ್ತದೆ. ಹಂಪಿಗೆ ಪ್ರವಾಸಿಗರು ಹೆಚ್ಚಾಗಿ ಬರುವುದೂ ಆಗಲೇ.

ಪೋಷಕ ದ್ರಾವಣ (1,000 ಲೀಟರ್ ನೀರಿಗೆ)
ಕ್ಯಾಲ್ಸಿಯಂ ನೈಟ್ರೇಟ್ 900 ಗ್ರಾಂ
ಪೊಟ್ಯಾಸಿಯಂ ನೈಟ್ರೇಟ್ 500 ಗ್ರಾಂ
ಮೊನೊ ಪೊಟ್ಯಾಸಿಯಂ ಫಾಸ್ಫೇಟ್ 250 ಗ್ರಾಂ
ಮೆಗ್ನೀಸಿಯಂ ಸಲ್ಫೇಟ್ 500 ಗ್ರಾಂ
ಕಬ್ಬಿಣದ ಚಿಲೇಟ್ (ಶೇ. 12) 20 ಗ್ರಾಂ, ಜೊತೆಗೆ ಲಘು ಪೋಷಕಾಂಶ ಮಿಶ್ರಣ

ಒಂದೊಂದನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ಕರಗಿಸಿ, ತುಂಬಿದ ತೊಟ್ಟಿಗೆ ಸುರಿಯಿರಿ. ಗಟ್ಟಿ ದ್ರಾವಣಗಳನ್ನು ಕೂಡಿಸಿದರೆ ಕ್ಯಾಲ್ಸಿಯಂ ಸುಣ್ಣದಂತೆ ತಳ ಸೇರುತ್ತದೆ. ಎಳೆ ಗಿಡಕ್ಕೆ ಇದರ ಅರ್ಧ ಬಲ ಸಾಕು. ರಸಸಾರ 5.5–6.5 ಇರಲಿ. ಬೆಳೆದ ಗಿಡಕ್ಕೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು. ಅದನ್ನು ನಾಲ್ಕಾರು ಸಲ ಹಂಚಿ ಕೊಡಿರಿ. ನೀರು ಏರುಪೇರಾದರೆ ಜವಾರಿಯ ತೆಳು ಸಿಪ್ಪೆ ಸೀಳುತ್ತದೆ, ಕಾಯಿಯ ತುದಿಯೂ ಕೊಳೆಯುತ್ತದೆ. ಕೊಳವೆ ಬಾವಿಯ ನೀರನ್ನು ಮೊದಲೇ ಪರೀಕ್ಷೆ ಮಾಡಿಸಿರಿ. ಉಪ್ಪು ನೀರಿನಿಂದ ಈ ಬೇಸಾಯ ಸಾಗದು.

ನೆನಪಿಡಬೇಕಾದ್ದು
1. ಎಲೆ ಮುಟುರು ರೋಗವನ್ನು ಬಿಳಿನೊಣ ಹರಡುತ್ತದೆ. ಜವಾರಿಗೆ ಇದನ್ನು ತಡೆಯುವ ಶಕ್ತಿ ಕಡಿಮೆ. ಸುತ್ತಲೂ 50 ಮೆಶ್ ಪರದೆ, ಎರಡು ಬಾಗಿಲು ಇರಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಂದಿ, ಸಂಕ್ರಾಂತಿ, ವೈಭವ ತಳಿಗಳಿಗೆ ಈ ರೋಗ ತಡೆಯುವ ಗುಣವಿದೆ. ಇವುಗಳ ಬೀಜವನ್ನೂ ನೀವೇ ಇಟ್ಟುಕೊಳ್ಳಬಹುದು.
2. ಒಳಗೆ ಗಾಳಿಯಾಡದ ಕಾರಣ ಬೆಳಿಗ್ಗೆ ಹತ್ತರ ಸುಮಾರಿಗೆ ಹೂಗೊಂಚಲನ್ನು ಮೆಲ್ಲಗೆ ಅಲುಗಿಸಿರಿ.
3. ಸಂಡೂರಿನ ಅದಿರು ಲಾರಿಗಳ ದಾರಿ ಬದಿಯಲ್ಲಿ ಕೆಂಧೂಳು ಕೂತು ಬೆಳಕು ಕಡಿಮೆಯಾಗುತ್ತದೆ. ಮೇಲ್ಹೊದಿಕೆಯನ್ನು ಆಗಾಗ ತೊಳೆಯಿರಿ.
4. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿ ಕಂಬ ನೆಡುವ ಮೊದಲೇ ಪರಂಪರೆ ಪ್ರದೇಶದ ನಿರ್ವಹಣಾ ಪ್ರಾಧಿಕಾರವನ್ನು ವಿಚಾರಿಸಿರಿ.

ಬೀಜ
ರೋಗವಿಲ್ಲದ ಎಂಟು ಹತ್ತು ಗಿಡಗಳ ಪೂರ್ಣ ಮಾಗಿದ ಹಣ್ಣನ್ನು ಹಿಸುಕಿ, ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿರಿ.

ಕೊನೆಯ ಮಾತು
ಜವಾರಿ ಹಣ್ಣು ದೂರದ ಪೇಟೆಗೆ ತಾಳುವುದಿಲ್ಲ. ಹತ್ತಿರದ ಸಂತೆ, ಹೋಟೆಲುಗಳೇ ಅದರ ಪೇಟೆ. ಮೊದಲ ವರ್ಷ ಪರದೆಯ ಸಣ್ಣ ಚಪ್ಪರದಲ್ಲಿ 50 ಚೀಲ ಇಡಿರಿ. ಅದೇ ಬೀಜದ 50 ಗಿಡ ಹೊಲದಲ್ಲೂ ಇರಲಿ. ಎರಡರ ಖರ್ಚು, ತೂಕ, ಮಾರಿದ ದರ ಬರೆದಿಡಿರಿ. ಚೀಲದ ಬೆಳೆ ತನ್ನ ಖರ್ಚನ್ನು ತಾನೇ ತೀರಿಸಿದರೆ ಮಾತ್ರ ದೊಡ್ಡ ಹಸಿರುಮನೆಯ ಯೋಚನೆ ಮಾಡಿರಿ.